ದಾರದಲ್ಲೂ ನಿಲ್ಲುವ ಲೋಗೋ

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಿಗೆ ಲೇಬಲ್, ಪ್ಯಾಚ್, ಟ್ಯಾಗ್ ಡಿಸೈನ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಕೌಲ್ ಬಜಾರ್ ಕಡೆಯ ಒಂದು ಯೂನಿಟ್‌ನಲ್ಲಿ ಯಾವ ಬಂಡಲ್ ಕಟಿಂಗ್‌ನಲ್ಲಿದೆ, ಯಾವುದು ಹೊಲಿಗೆಗೆ ಹೋಯಿತು, ಯಾವುದು ವಾಷಿಂಗ್‌ನಿಂದ ಬಂತು ಅಂತ ನೋಡಲು ಒಂದು ಓಪನ್ ಸೋರ್ಸ್ ತಂತ್ರಾಂಶ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶ ಬಳಸುತ್ತಾರೆ. ಅದನ್ನು ಬರೆಯುವವರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ಯಾರಿಗೂ ಸಂಬಳ ಇಲ್ಲ. ಅದರ ಕನ್ನಡ ಅನುವಾದಕ್ಕೆ ಕೈಜೋಡಿಸಿದ್ದೆ. ಡಿಸೈನರ್ ಅಂತ ಗೊತ್ತಾದ ಮೇಲೆ ಬಿಡುತ್ತಾರೆಯೇ? ಲೋಗೋ ಬದಲಿಸುವ ಕೆಲಸವೂ ನನ್ನ ಪಾಲಿಗೇ ಬಂತು.

ಹಳೆಯ ಲೋಗೋದಲ್ಲಿ ಒಂದು ಹಲ್ಲಿನ ಚಕ್ರ, ಅದರೊಳಗೆ ಕಂಪ್ಯೂಟರ್ ಪರದೆ, ಮೇಲೊಂದು ಬಾಣ. ಎಲ್ಲಕ್ಕೂ ಹೊಳಪು, ನೆರಳು. ಒಂದು ಕಾಲದಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ನಿಜವಾದ ತೊಂದರೆ ಬೇರೆ. ಮೂಲ ಫೈಲ್ ಯಾರ ಹತ್ತಿರವೂ ಇರಲಿಲ್ಲ. ಉಳಿದಿದ್ದು ಒಂದು ಸಣ್ಣ ಪಿಎನ್‌ಜಿ ಚಿತ್ರ ಅಷ್ಟೇ. ಬ್ಯಾನರ್‌ಗೆ ದೊಡ್ಡದು ಮಾಡಿದರೆ ಚೌಕ ಚೌಕವಾಗಿ ಒಡೆಯುತ್ತಿತ್ತು. ಫೋನಿನಲ್ಲಿ ಬೂದು ಬಣ್ಣದ ಉಂಡೆ ಮಾತ್ರ ಕಾಣುತ್ತಿತ್ತು.

ಸ್ಪರ್ಧೆ ಇಟ್ಟು ಮತ ಹಾಕಿಸೋಣ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿ ಒಳ್ಳೆಯ ಲೋಗೋ ಪಡೆದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಲಿನಕ್ಸ್ ಅನ್ನುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್‌ನ ಪೆಂಗ್ವಿನ್ ನೋಡಿ. 1996ರಲ್ಲಿ ಲ್ಯಾರಿ ಯೂಯಿಂಗ್ ಅದನ್ನು ಜಿಂಪ್ ಅನ್ನುವ ಚಿತ್ರದ ತಂತ್ರಾಂಶದಲ್ಲಿ ಬಿಡಿಸಿದರು. ಲೋಗೋ ಸ್ಪರ್ಧೆಗಳಲ್ಲಿ ಅದು ಗೆಲ್ಲಲೇ ಇಲ್ಲ. ಇವತ್ತು ಲಿನಕ್ಸ್ ಅಂದರೆ ಜನರಿಗೆ ನೆನಪಾಗುವುದು ಅದೇ. ಮತ ಹಾಕುವವರು ಪರದೆಯ ತುಂಬ ದೊಡ್ಡದಾಗಿ ಕಾಣುವ ಚಿತ್ರ ನೋಡಿ ಹಾಕುತ್ತಾರೆ. ಬಳಸುವವರಿಗೆ ಸಿಗುವುದು ಉಗುರಿನಷ್ಟು ಚಿತ್ರ.

ಅದಕ್ಕೇ ಬಿಡಿಸುವ ಮೊದಲು ಎಲ್ಲರಿಗೂ ಕೆಲವು ಪ್ರಶ್ನೆ ಕೇಳಿದೆ. ನಮ್ಮ ಲೋಗೋವನ್ನು ನೀವು ದಿನಾ ಎಲ್ಲಿ ನೋಡುತ್ತೀರಿ? ಅದರ ಅಕ್ಕಪಕ್ಕ ಯಾವ ಆಪ್‌ಗಳಿರುತ್ತವೆ? ಯಾವುದರ ಮೇಲೆ ಪ್ರಿಂಟ್ ಮಾಡುತ್ತೀರಿ? ಯಾವ ಬಣ್ಣ ಇಷ್ಟ ಅಂತ ಮಾತ್ರ ಕೇಳಲಿಲ್ಲ. ಅದನ್ನು ಕೇಳಿದರೆ ಮುಗಿಯಿತು, ಆಮೇಲೆ ಬೇರೆ ಮಾತೇ ನಡೆಯುವುದಿಲ್ಲ.

ಉತ್ತರಗಳಲ್ಲಿ ನಾನು ಊಹಿಸದ ಒಂದು ವಿಷಯ ಸಿಕ್ಕಿತು. ಹೆಚ್ಚಿನವರು ಲೋಗೋ ನೋಡುತ್ತಿದ್ದುದು ಕಪ್ಪು ಬಿಳುಪಿನಲ್ಲಿ, ಬಂಡಲ್ ಚೀಟಿಯ ಮೂಲೆಯಲ್ಲಿ. ಅಗ್ಗದ ಥರ್ಮಲ್ ಪ್ರಿಂಟರ್‌ನಿಂದ ಬರುವ ಚೀಟಿ ಅದು. ಬಣ್ಣ ಏನೇ ಹಾಕಿದರೂ ಅಲ್ಲಿ ಉಳಿಯುವುದು ಆಕಾರ ಮಾತ್ರ. ಹೀಗಾಗಿ ಕಪ್ಪಿನಲ್ಲಿ ಪೂರ್ತಿ ಒಪ್ಪಿಗೆ ಸಿಗುವವರೆಗೆ ಯಾರಿಗೂ ಬಣ್ಣ ತೋರಿಸಲಿಲ್ಲ.

ಮೊದಲು ಪ್ಯಾಂಟಿನ ಹಿಂದಿನ ಜೇಬಿನ ಆಕಾರ ಇಟ್ಟಿದ್ದೆ. ಬಳ್ಳಾರಿಯವನಿಗೆ ಇನ್ನೇನು ಹೊಳೆಯುತ್ತದೆ ಹೇಳಿ! ಇದೇ ತಂತ್ರಾಂಶ ಬಳಸುವ, ಪ್ರಿಂಟಿಂಗ್ ಪ್ರೆಸ್ ನಡೆಸುವ ಒಬ್ಬರು 'ನಮಗೂ ಜೇಬಿಗೂ ಏನು ಸಂಬಂಧ' ಅಂತ ಕೇಳಿದರು. ಸರಿಯೇ ಅಲ್ವಾ? ಬಡಗಿ ಆಗಲಿ, ಪ್ರೆಸ್‌ನವರಾಗಲಿ, ಹೊಲಿಯುವವರಾಗಲಿ, ಎಲ್ಲರ ಕೆಲಸದ ಜೊತೆಗೂ ತಿರುಗುವುದು ಒಂದು ಚೀಟಿ. ಆ ಚೀಟಿಯನ್ನೇ ಹಿಡಿದೆ. ಓರೆಯಾಗಿ ಇಟ್ಟರೆ ಅಂಗಡಿಯ ರಿಯಾಯಿತಿ ಗುರುತಿನ ಹಾಗೆ ಕಾಣುತ್ತದೆ. ನೇರ ನಿಲ್ಲಿಸಿದರೆ ಆಫೀಸಿನ ಐಡಿ ಕಾರ್ಡ್. ಕೊನೆಗೆ ಚೀಟಿಯ ಒಂದು ಮೂಲೆ ಕತ್ತರಿಸಿ, ದಾರ ಕಟ್ಟುವ ತೂತನ್ನು ಆ ಮೂಲೆಯ ಹತ್ತಿರ ಸರಿಸಿ, ಒಳಗೆ ಮೆಟ್ಟಿಲಿನ ಹಾಗೆ ಉದ್ದವಾಗುತ್ತಾ ಹೋಗುವ ಮೂರು ಗೆರೆ ಹಾಕಿದೆ. ಅಕ್ಷರ ಇಲ್ಲ. ನಮ್ಮ ಯೂನಿಟ್‌ಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಮಾತಾಡುವವರು ಒಟ್ಟಿಗೆ ಕೂತಿರುತ್ತಾರೆ. ಯಾವ ಅಕ್ಷರ ಅಂತ ಹಾಕುವುದು?

ಚಿತ್ರ ತೋರಿಸುವಾಗ 'ಚೆನ್ನಾಗಿದೆಯಾ' ಅಂತ ಕೇಳಬೇಡಿ. ಎದುರಿಗಿರುವವರು ಸುಮ್ನೆ ಹೂಂ ಅನ್ನುತ್ತಾರೆ. 'ಇದು ಯಾವುದಕ್ಕೆ ಬಳಸುವ ಆಪ್ ಅನ್ನಿಸುತ್ತದೆ' ಅಂತ ಕೇಳಿ. ರಿಯಾಯಿತಿ ಗುರುತು, ಐಡಿ ಕಾರ್ಡ್ ಅನ್ನುವ ಮಾತುಗಳು ಹೊರಬಿದ್ದಿದ್ದು ಈ ಪ್ರಶ್ನೆಯಿಂದಲೇ.

ಎಲ್ಲವನ್ನೂ ಇಂಕ್‌ಸ್ಕೇಪ್ ಅನ್ನುವ ಉಚಿತ ಡ್ರಾಯಿಂಗ್ ತಂತ್ರಾಂಶದಲ್ಲಿ ಮಾಡಿದೆ. ಹಣ ಉಳಿಸಲು ಮಾತ್ರ ಅಲ್ಲ. ಅದರ ಫೈಲ್ ಎಸ್‌ವಿಜಿ, ಎಲ್ಲರಿಗೂ ತೆರೆದಿರುವ ಮಾದರಿ. ನಾಳೆ ನಾನಿಲ್ಲದಿದ್ದರೂ ಇನ್ನೊಬ್ಬರು ತೆರೆದು ತಿದ್ದಬಹುದು. ದೊಡ್ಡ ಚಿತ್ರವನ್ನೇ ಕುಗ್ಗಿಸಿ ಸಣ್ಣ ಐಕಾನ್ ಮಾಡುವವರು ಜಾಸ್ತಿ. ಅದು ಆಗುವ ಕೆಲಸವಲ್ಲ. ಬ್ರೌಸರ್ ಟ್ಯಾಬ್‌ನಲ್ಲಿ ಸಿಗುವುದು 16 ಪಿಕ್ಸೆಲ್ ಜಾಗ. ಎರಡು ಪಿಕ್ಸೆಲ್ ಗೆರೆ, ಎರಡು ಪಿಕ್ಸೆಲ್ ಸಂದು ಅಂತ ಇಟ್ಟರೆ ಮೂರು ಗೆರೆಗೇ 10 ಪಿಕ್ಸೆಲ್ ಹೋಗುತ್ತದೆ. ತೂತಿಗೆ, ಅಂಚಿಗೆ ಜಾಗ ಎಲ್ಲಿದೆ? ಅದಕ್ಕೆ ಆ ಅಳತೆಗೆ ಎರಡೇ ಗೆರೆಯ ಬೇರೆ ಚಿತ್ರ ಬಿಡಿಸಿದೆ. ಆಂಡ್ರಾಯ್ಡ್‌ದು ಇನ್ನೊಂದು ಕಥೆ. ಆಂಡ್ರಾಯ್ಡ್ 8ರಿಂದ ಐಕಾನ್ ಅನ್ನು 108 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆ) ಚೌಕದಲ್ಲಿ ಕೊಡಬೇಕು. ಫೋನ್ ಅದನ್ನು ದುಂಡಗೋ ಚೌಕಕ್ಕೋ ಕತ್ತರಿಸಿಕೊಳ್ಳುತ್ತದೆ. ಖಂಡಿತ ಉಳಿಯುವುದು ನಡುವಿನ 66 ಡಿಪಿ ಅಗಲದ ವೃತ್ತ. ನಮ್ಮ ಚೀಟಿಯ ಕತ್ತರಿಸಿದ ಮೂಲೆ ಅದರೊಳಗೇ ಇರಬೇಕು, ಇಲ್ಲದಿದ್ದರೆ ಗುರುತೇ ಹೋಗುತ್ತದೆ. ಆಂಡ್ರಾಯ್ಡ್ 13ರಲ್ಲಿ ಒಂದೇ ಬಣ್ಣದ ಐಕಾನ್ ಕೂಡ ಕೊಡಬಹುದು. ಕಪ್ಪಿನಲ್ಲೇ ಮೊದಲು ಮುಗಿಸಿದ್ದರಿಂದ ಅದಕ್ಕೆ ಹೊಸ ಕೆಲಸ ಬೀಳಲಿಲ್ಲ.

ಪಕ್ಕದಲ್ಲಿ ಹೆಸರು ಬರೆಯಲು ಅನೇಕ್ ಫಾಂಟ್ ಆರಿಸಿದೆ. ಒಂದೇ ಕುಟುಂಬದಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಎಲ್ಲ ಇವೆ, ಲೈಸೆನ್ಸ್ ಕೂಡ ಮುಕ್ತ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಒತ್ತನ್ನೂ ಸೇರಿಸಿ ಚಿತ್ರದ ನಡುವಿಗೆ ಹೊಂದಿಸಿದರೆ ಹೆಸರು ಮೇಲಕ್ಕೆ ಜಿಗಿದಂತೆ ಕಾಣುತ್ತದೆ. ಒತ್ತನ್ನು ಬಿಟ್ಟು ಅಕ್ಷರದ ಮೈಯನ್ನು ಮಾತ್ರ ಲೆಕ್ಕಕ್ಕೆ ತಗೊಂಡು ಹೊಂದಿಸಬೇಕು. ಇನ್ನೊಂದು ಮಾತು. ಅಕ್ಷರಗಳನ್ನು ಪಾತ್ ಆಗಿ, ಅಂದರೆ ಬರಿಯ ಆಕಾರಗಳಾಗಿ ಬದಲಿಸಿದ ಫೈಲ್ ಒಂದು, ತಿದ್ದಲು ಬರುವ ಫೈಲ್ ಒಂದು, ಎರಡನ್ನೂ ಇಡಿ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಎರಡನೆಯದನ್ನು ತೆರೆದರೆ ಬೇರೆಯೇ ಅಕ್ಷರ ಬಂದು ಕೂರುತ್ತದೆ.

ಅಷ್ಟರಲ್ಲಿ ಕೊಡುಗೆ ಕೊಟ್ಟವರಿಗೆ ಟೋಪಿ ಮಾಡಿಸೋಣ ಅಂತ ಮಾತು ಬಂತು. ಇದು ನಮ್ಮೂರಿನ ಕೆಲಸ, ಬಿಡುವುದುಂಟೇ! ಇಂಕ್‌ಸ್ಕೇಪ್‌ಗೆ ಇಂಕ್‌ಸ್ಟಿಚ್ ಅನ್ನುವ ಓಪನ್ ಸೋರ್ಸ್ ಸೇರ್ಪಡೆ ಇದೆ. ಚಿತ್ರವನ್ನು ಕಂಪ್ಯೂಟರ್ ಎಂಬ್ರಾಯ್ಡರಿಯ ಹೊಲಿಗೆಯಾಗಿ ಬದಲಿಸಿಕೊಡುತ್ತದೆ. ಮಷಿನ್ ನಡೆಸುವ ಹುಡುಗ ಫೈಲ್ ನೋಡಿದ ಕೂಡಲೇ, "ಅಣ್ಣಾ, ಮೇಲಿನ ಗೆರಿ ಭಾಳ ಸಣ್ಣದಾತು, ದಾರದಾಗ ನಿಲ್ಲಂಗಿಲ್ಲ" ಅಂದ. ಒಂದು ಮಿಲಿಮೀಟರ್‌ಗಿಂತ ತೆಳು ಇದ್ದರೆ ಸ್ಯಾಟಿನ್ ಹೊಲಿಗೆ (ಗೆರೆಯನ್ನು ಅಡ್ಡ ದಾರಗಳಿಂದ ಒತ್ತಾಗಿ ತುಂಬುವ ಹೊಲಿಗೆ) ಸರಿಯಾಗಿ ಕೂರುವುದಿಲ್ಲ. ಇನ್ನು ಹೊಲಿಯುವಾಗ ದಾರ ಬಟ್ಟೆಯನ್ನು ಎಳೆಯುತ್ತದೆ. ದುಂಡಗಿನ ತೂತು ಮೊಟ್ಟೆಯಾಕಾರ ಆಗುತ್ತದೆ. ಅದಕ್ಕೆ ಎಳೆತವನ್ನು ಲೆಕ್ಕ ಹಾಕಿ ಆಕಾರವನ್ನು ಸ್ವಲ್ಪ ಹಿಗ್ಗಿಸಿ ಕೊಡಬೇಕು. ಮಷಿನ್‌ಗೆ ಹೋಗುವ ಡಿಎಸ್‌ಟಿ ಫೈಲ್‌ನಲ್ಲಿ ದಾರದ ಬಣ್ಣ ಇರುವುದಿಲ್ಲ, ಬಣ್ಣ ಬದಲಿಸಲು ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ ಇರುತ್ತದೆ. ಬಣ್ಣದ ಪಟ್ಟಿಯನ್ನು ಬೇರೆ ಬರೆದು ಕೊಟ್ಟೆ.

ಆ ಹುಡುಗನ ಮಾತಿನಿಂದ ಮೂಲ ಲೋಗೋವನ್ನೇ ತಿದ್ದಿದೆ. ಗೆರೆಗಳನ್ನು ದಪ್ಪ ಮಾಡಿದೆ, ಸಂದುಗಳನ್ನು ಅಗಲ ಮಾಡಿದೆ. ಥರ್ಮಲ್ ಚೀಟಿಯಲ್ಲೂ ಅದು ಮೊದಲಿಗಿಂತ ಸ್ಪಷ್ಟವಾಗಿ ಬಂತು. ಕೋಡ್ ಬರೆಯುವವರಿಗೆ ಇದನ್ನು ವಿವರಿಸುವುದಕ್ಕಿಂತ ಹೊಲಿದ ಟೋಪಿಯ ಫೋಟೊ ಕಳಿಸಿದ್ದೇ ಸುಲಭವಾಯಿತು.

ಬಣ್ಣದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕಡು ನೀಲಿ ಒಂದೇ. ಬಿಳಿಯ ಮೇಲೂ ಎದ್ದು ಕಾಣುತ್ತದೆ, ಕಪ್ಪು ಹಿನ್ನೆಲೆಗೆ ತಿರುಗಿಸಿದ ಬಿಳಿ ಚಿತ್ರ ಇದೆ.

ಲೈಸೆನ್ಸ್ ವಿಷಯವನ್ನು ಬೇಗ ಮುಗಿಸಬೇಡಿ. ಕೋಡ್ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್‌ನಲ್ಲಿದೆ ಅಂದ ಮಾತ್ರಕ್ಕೆ ಲೋಗೋ ಹೇಗೆ ಬಳಸಬಹುದು ಅನ್ನುವುದು ತೀರ್ಮಾನ ಆಗುವುದಿಲ್ಲ. ಫೈರ್‌ಫಾಕ್ಸ್ ಲೋಗೋದ ಲೈಸೆನ್ಸ್ ಡೆಬಿಯನ್ ಅನ್ನುವ ಲಿನಕ್ಸ್ ಬಳಗದ ನಿಯಮಕ್ಕೆ ಹೊಂದಲಿಲ್ಲ. ಲೋಗೋ ಇಲ್ಲದೆ ಹೆಸರು ಬಳಸಬಾರದು ಅಂತ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಹೇಳಿತು. ಅದಕ್ಕೆ 2006ರಲ್ಲಿ ಡೆಬಿಯನ್‌ನವರು ಆ ಬ್ರೌಸರ್‌ನ ಹೆಸರನ್ನೇ ಐಸ್‌ವೀಸಲ್ ಅಂತ ಬದಲಿಸಿದರು. ಹಳೆಯ ಹೆಸರು ಮರಳಿದ್ದು 2016ರಲ್ಲಿ. ಇದನ್ನೆಲ್ಲ ಹೇಳಿದ ಮೇಲೆ ನಮ್ಮವರೂ ಕೂತು ಮಾತಾಡಿದರು. ಚಿತ್ರವನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ 4.0ರಲ್ಲಿ, ಅಂದರೆ ಮಾಡಿದವರ ಹೆಸರು ಹೇಳಿ ಅದೇ ಷರತ್ತಿನಲ್ಲಿ ಯಾರೂ ಬಳಸಬಹುದಾದ ಲೈಸೆನ್ಸ್‌ನಲ್ಲಿ ಬಿಟ್ಟೆವು. ತಂತ್ರಾಂಶವನ್ನು ಬದಲಿಸಿ ಹಂಚುವವರು ಅದನ್ನು ಮೂಲ ತಂತ್ರಾಂಶ ಅಂತ ತೋರಿಸಬಾರದು ಅನ್ನುವ ಒಂದು ಪುಟವನ್ನು ಬೇರೆ ಬರೆದೆವು.

ಹೊಸ ಲೋಗೋ ಎಲ್ಲ ಕಡೆ ಒಂದೇ ದಿನ ಬರುವುದಿಲ್ಲ ಅನ್ನುವುದನ್ನೂ ಮೊದಲೇ ಹೇಳಿಟ್ಟೆ. ಡೆಬಿಯನ್‌ನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿಯವರೆಗೆ ಅದರ ಜೊತೆ ಸಿಗುವ ನಮ್ಮ ತಂತ್ರಾಂಶದಲ್ಲಿ ಹಳೆಯ ಚಕ್ರವೇ ಇರುತ್ತದೆ. ಕೌಲ್ ಬಜಾರ್‌ನ ಯೂನಿಟ್‌ನಲ್ಲೂ ಕಂಪ್ಯೂಟರ್‌ನಲ್ಲಿ ಹಳೆಯದು, ಮಾಲೀಕರ ಫೋನಿನಲ್ಲಿ ಹೊಸದು. ಎರಡೂ ಒಂದೇ ಆಪ್ ಅಂತ ಅವರಿಗೆ ತೋರಿಸಿಕೊಟ್ಟು ಬಂದಿದ್ದೇನೆ.