ಹತ್ತು ನಿಮಿಷದ ಕರಾರು: ಮೂರನೆಯ ಪ್ರಯತ್ನದಲ್ಲಿ ಮುಗಿದ ನನ್ನ ಮ್ಯಾರಥಾನ್ ತಯಾರಿ

ಎರಡು ಬಾರಿ ಅರ್ಧಕ್ಕೆ ಕೈಬಿಟ್ಟ ಪೂರ್ಣ ಮ್ಯಾರಥಾನ್ ತಯಾರಿಯನ್ನು ಮೂರನೆಯ ಬಾರಿ 20 ವಾರಗಳ ಕಾಲ ಪೂರ್ತಿಯಾಗಿ ನಡೆಸಿ, 42.195 ಕಿಲೋಮೀಟರ್ ಓಡಿ ಮುಗಿಸಿದೆ. ತೆಗೆದುಕೊಂಡ ಸಮಯ 4 ಗಂಟೆ 50 ನಿಮಿಷದ ಆಸುಪಾಸು. ಇದಕ್ಕಿಂತ ಬಹಳ ವೇಗವಾಗಿ ಓಡುವ ಗೆಳೆಯರು ನನಗಿದ್ದಾರೆ. ಆದರೆ ನಾನು ಹಿಡಿದ ಕ್ರಮವನ್ನು, ಅಂದರೆ ಹತ್ತು ನಿಮಿಷ ಓಡಿದ ಮೇಲೆಯೇ ಮುಂದುವರಿಯುವುದೋ ಹಿಂದಿರುಗುವುದೋ ಎಂದು ನಿರ್ಧರಿಸುವುದನ್ನು, ಅವರಲ್ಲಿ ಒಬ್ಬರೂ ಆರಂಭದಲ್ಲಿ ಒಪ್ಪಿರಲಿಲ್ಲ. ‘ಹತ್ತು ನಿಮಿಷಕ್ಕೆ ಮನೆಗೆ ಹಿಂದಿರುಗಬಹುದು ಎಂದು ನಿಮಗೆ ನೀವೇ ಅನುಮತಿ ಕೊಟ್ಟುಕೊಂಡರೆ ದಿನವೂ ಹಿಂದಿರುಗುತ್ತೀರಿ’ ಎಂದು ಹಿರಿಯ ಓಟಗಾರರೊಬ್ಬರು ಎಚ್ಚರಿಸಿದ್ದರು. ನಿಗದಿಯಾಗಿದ್ದ 80 ದಿನಗಳಲ್ಲಿ ನಾನು ಹಾಗೆ ಹಿಂದಿರುಗಿದ್ದು ಒಂಬತ್ತೇ ಬಾರಿ.

ಮೊದಲ ಎರಡು ಪ್ರಯತ್ನಗಳು ಏಕೆ ಕೆಟ್ಟವು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಣ ಹೆಚ್ಚು ಹೋದದ್ದು ಅಲ್ಲಿಯೇ. ಎರಡು ಅರ್ಧ ಮ್ಯಾರಥಾನ್ ಓಡಿದ್ದ ಧೈರ್ಯದಿಂದ ಮೊದಲ ಬಾರಿ ಒಂದು ತಿಂಗಳ ಸಂಬಳದ ಸುಮಾರು ಮೂರನೆಯ ಒಂದು ಭಾಗವನ್ನು ಜಿಪಿಎಸ್ ಗಡಿಯಾರಕ್ಕೆ ಕೊಟ್ಟೆ. ಎರಡು ಜೊತೆ ಶೂ ಮತ್ತು ಹಣ ಕೊಟ್ಟು ಪಡೆದ ತರಬೇತಿ ವೇಳಾಪಟ್ಟಿ ಬೇರೆ. ಉತ್ಸಾಹ ಉಳಿಯಬೇಕಾದರೆ ಪ್ರಗತಿ ಕಣ್ಣಿಗೆ ಕಾಣಬೇಕು ಎಂದು ನಂಬಿದ್ದೆನಾದ್ದರಿಂದ ಪ್ರತಿ ಓಟದಲ್ಲಿಯೂ ಹಿಂದಿನ ಓಟದ ಪೇಸ್‌ಗಿಂತ (ಒಂದು ಕಿಲೋಮೀಟರಿಗೆ ಹಿಡಿಯುವ ಸಮಯಕ್ಕಿಂತ) ಕೆಲವು ಸೆಕೆಂಡಾದರೂ ಮುಂದಿರಲು ಹೆಣಗಿದೆ. ಒಂಬತ್ತನೆಯ ವಾರಕ್ಕೆ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಉದ್ದಕ್ಕೂ ನೋವು ಶುರುವಾಯಿತು. ಮೂರು ವಾರ ವಿಶ್ರಾಂತಿ ಪಡೆದು ಮತ್ತೆ ಹೊರಟಾಗ ಗಡಿಯಾರ ತೋರಿಸಿದ ಪೇಸ್ ಹಳೆಯದಕ್ಕಿಂತ ಎಷ್ಟೋ ಹಿಂದಿತ್ತು. ನೋವು ಆ ಹೊತ್ತಿಗೆ ಕಡಿಮೆಯಾಗಿತ್ತು. ನಾನು ಓಟ ನಿಲ್ಲಿಸಿದ್ದು ಆ ಅಂಕಿಗಳನ್ನು ನೋಡಲಾರದೆ.

ಎರಡನೆಯ ಬಾರಿ ಹಣವನ್ನೇ ಚಾಟಿಯಾಗಿ ಬಳಸಿದೆ. ಸ್ಪರ್ಧೆಯ ಪ್ರವೇಶ ಶುಲ್ಕದ ಐದು ಪಟ್ಟು ಮೊತ್ತವನ್ನು ಗೆಳೆಯನ ಕೈಗೆ ಕೊಟ್ಟು, ತಪ್ಪಿಸಿದ ಪ್ರತಿ ದಿನಕ್ಕೆ ಅದರ ಇಪ್ಪತ್ತನೆಯ ಒಂದು ಭಾಗ ಅವನದಾಗಬೇಕು ಎಂದು ಮಾತಾಡಿಕೊಂಡೆವು. ಎಂಟು ವಾರ ಒಂದು ದಿನವೂ ತಪ್ಪಲಿಲ್ಲ, ಮತ್ತು ಆ ಅವಧಿಯಲ್ಲಿ ಈ ಉಪಾಯವನ್ನು ನಾನು ಹಲವರಿಗೆ ಹೇಳಿಯೂ ಇದ್ದೆ. ಹತ್ತನೆಯ ವಾರ ಹಳೆಯ ನೋವು ತಲೆಯೆತ್ತಿದಾಗ ಹಣ ಹೋದೀತೆಂಬ ಭಯದಿಂದ ಕುಂಟುತ್ತಲೇ ಎರಡು ಓಟ ಮುಗಿಸಿದೆ. ಅದರ ಫಲವಾಗಿ ಎರಡು ವಾರಕ್ಕಿಂತ ಹೆಚ್ಚು ಕಾಲ ಓಡಲಾಗದೆ, ಠೇವಣಿಯ ಅರ್ಧದಷ್ಟು ಕರಗಿತು. ಗೆಳೆಯ ಅದನ್ನು ಹಿಂದಿರುಗಿಸಲು ಬಂದ. ಆಡಿದ ಮಾತು ಮಾತೇ ಎಂದು ನಾನು ತೆಗೆದುಕೊಳ್ಳಲಿಲ್ಲ. ಆ ಮೇಲೆ ಓಟವೆಂದರೆ ದಂಡ ಕಟ್ಟುವ ಕೆಲಸವೆಂದೇ ಅನ್ನಿಸತೊಡಗಿ, ಹದಿಮೂರನೆಯ ವಾರದಲ್ಲಿ ನಿಂತುಹೋಯಿತು. ಪ್ರವೇಶ ಶುಲ್ಕ ಎರಡನೆಯ ಬಾರಿಯೂ ನೀರುಪಾಲಾಯಿತು. ಹಣದ ಭಯ ನನ್ನನ್ನು ಬಾಗಿಲು ದಾಟಿಸಿದ್ದು ನಿಜ, ಆದರೆ ಕಾಲು ಹೇಳುತ್ತಿದ್ದುದನ್ನು ಕೇಳಿಸಿಕೊಳ್ಳಲು ಅದು ಬಿಡಲಿಲ್ಲ.

ಮೂರನೆಯ ಬಾರಿ ಗಡಿಯಾರವನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿ, ಆ ಹಣದಲ್ಲಿ ಒಂದು ಜೊತೆ ಶೂ ಕೊಂಡು, ಉಳಿದದ್ದನ್ನು ಪ್ರವೇಶ ಶುಲ್ಕಕ್ಕೆ ಸೇರಿಸಿದೆ. ಕರಾರು ಇಷ್ಟೇ: ವಾರಕ್ಕೆ ನಾಲ್ಕು ದಿನ ಶೂ ಕಟ್ಟಿ ಹೊರಗೆ ಹೋಗಬೇಕು, ಮೊದಲ ಹತ್ತು ನಿಮಿಷ ಪೂರ್ತಿ ವಾಕ್ಯಗಳಲ್ಲಿ ಮಾತಾಡಬಹುದಾದಷ್ಟು ನಿಧಾನವಾಗಿ ಓಡಬೇಕು, ಆಗಲೂ ಮನಸ್ಸು ಬಾರದಿದ್ದರೆ ಯಾವ ಅಳುಕೂ ಇಲ್ಲದೆ ಹಿಂದಿರುಗಬಹುದು, ಹಿಂದಿರುಗಿದ ದಿನದ ಬಾಕಿಯನ್ನು ಮರುದಿನ ತೀರಿಸುವಂತಿಲ್ಲ. ನಾಲ್ಕನೆಯ ಮಾತು ಎಲ್ಲಕ್ಕಿಂತ ಮುಖ್ಯ. ಹಿಂದೆ ನಾನು ಬಾಕಿ ತೀರಿಸಲು ಹೋಗಿಯೇ ಕಾಲು ಕೆಡಿಸಿಕೊಂಡಿದ್ದೆ.

ಇದಕ್ಕೆ ಗೆರೆ ಹಾಕಿದ ಒಂದು ಸಾಮಾನ್ಯ ನೋಟ್‌ಬುಕ್ ಸಾಕಾಯಿತು. 2019ರಲ್ಲಿ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಕ್ರಮಿಸಿದ ಕೀನ್ಯಾದ ಓಟಗಾರ ಎಲಿಯೂಡ್ ಕಿಪ್‌ಚೋಗೆ ತಮ್ಮ ತರಬೇತಿಯ ವಿವರವನ್ನು ಕೈಯಿಂದಲೇ ಬರೆದಿಡುತ್ತಾರೆ ಎಂದು ತಿಳಿದಿದ್ದರಿಂದ ನನಗೂ ಅದರಲ್ಲಿ ವಿಶ್ವಾಸವಿತ್ತು. ಆದರೆ ನನ್ನ ಪುಟದಲ್ಲಿ ದೂರಕ್ಕೂ ಪೇಸ್‌ಗೂ ಕಾಲಂ ಇರಲಿಲ್ಲ. ದಿನಾಂಕ, ಓಡಿದ ನಿಮಿಷ, ಹೊರಡುವ ಮೊದಲಿನ ಮನಸ್ಸಿಗೆ ಐದರಲ್ಲಿ ಎಷ್ಟೆಂಬ ಅಂಕ, ಹತ್ತನೆಯ ನಿಮಿಷದ ಮನಸ್ಸಿಗೆ ಇನ್ನೊಂದು ಅಂಕ, ಇವು ಇದ್ದವು. ಐದನೆಯ ಕಾಲಂ ಒಂದಿತ್ತು. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ನಿಜವಾದ ಲಾಭ ಸಿಕ್ಕಿದ್ದು ಈ ಎರಡು ಅಂಕಗಳ ನಡುವೆ. ಹೊರಡುವ ಮೊದಲು ಒಂದು ಅಥವಾ ಎರಡು ಅಂಕ ಬರೆದ ದಿನಗಳು ಮೂವತ್ತರ ಹತ್ತಿರ ಇದ್ದವು. ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಹತ್ತನೆಯ ನಿಮಿಷದ ಹೊತ್ತಿಗೆ ಅಂಕ ಮೂರಕ್ಕೋ ನಾಲ್ಕಕ್ಕೋ ಏರಿತ್ತು. ಹಾಸಿಗೆಯಲ್ಲಿ ಕೂತು ತೀರ್ಮಾನಿಸಿದ್ದರೆ ಅಷ್ಟೂ ಓಟಗಳು ನಷ್ಟವಾಗುತ್ತಿದ್ದವು. ಅಂಕ ಏರದೆ ಹಿಂದಿರುಗಿದ ಒಂಬತ್ತು ದಿನಗಳಲ್ಲಿ ಆರು ದಿನಗಳು ಒಂಬತ್ತರಿಂದ ಹನ್ನೆರಡನೆಯ ವಾರದೊಳಗೆ ಗುಂಪಾಗಿ ಬಂದಿದ್ದವು, ಅಂದರೆ ವಾರಕ್ಕೊಮ್ಮೆಯ ಉದ್ದದ ಓಟ (ಲಾಂಗ್ ರನ್) ಬಿಡುವಿಲ್ಲದೆ ಬೆಳೆದು 26 ಕಿಲೋಮೀಟರ್ ತಲುಪಿದ್ದ ಕಾಲದಲ್ಲಿ. ದಣಿವಿದ್ದಾಗ ಏರಬಹುದಾದ ಬೆಳಗಿನ ವಿಶ್ರಾಂತ ನಾಡಿ ಬಡಿತವೂ ಆ ದಿನಗಳಲ್ಲಿ ನಿಮಿಷಕ್ಕೆ ಎಂದಿಗಿಂತ ಏಳೆಂಟು ಹೆಚ್ಚಿತ್ತು. ಹಿಂದಿನ ಎರಡು ವರ್ಷ ನಾನು ಸೋಮಾರಿತನವೆಂದು ಬೈದುಕೊಂಡದ್ದು ಬಹುಪಾಲು ದಣಿವೇ ಆಗಿತ್ತು ಎಂದು ಅಂದು ನನಗೆ ಖಚಿತವಾಯಿತು. ಹದಿಮೂರನೆಯ ವಾರ ಒಟ್ಟು ಓಟವನ್ನು ಮೂರನೆಯ ಒಂದು ಭಾಗ ಇಳಿಸಿದೆ, ಹದಿನಾರನೆಯ ವಾರ ಮತ್ತೊಮ್ಮೆ ಇಳಿಸಿದೆ. ಕೊನೆಯ ಎಂಟು ವಾರಗಳಲ್ಲಿ ಹಿಂದಿರುಗಿದ್ದು ಎರಡೇ ದಿನ. 32 ಕಿಲೋಮೀಟರಿನ ಅತಿ ಉದ್ದದ ಓಟ ಬಂದದ್ದೂ ಆ ಅವಧಿಯಲ್ಲಿಯೇ. ಜ್ವರದಿಂದಲೂ ಕೆಲಸದಿಂದಲೂ ಹೊರಗೆ ಹೋಗಲಾಗದೆ ಉಳಿದದ್ದು ಒಟ್ಟು ಆರು ದಿನ.

ಈ ನಡುವೆ ಕೆಲವು ಬೇರೆ ಪ್ರಯೋಗಗಳನ್ನೂ ಮಾಡಿದೆ. ಕಿವಿಯಲ್ಲಿ ಹಾಡು ಹಾಕಿಕೊಂಡು ಓಡಿದರೆ ಹತ್ತನೆಯ ನಿಮಿಷದ ಅಂಕ ಸುಳ್ಳಾಗಿ ಏರುತ್ತಿತ್ತು, ಪೇಸ್ ಕೂಡ ಕೈಮೀರುತ್ತಿತ್ತು. ಎರಡೇ ವಾರದಲ್ಲಿ ಅದನ್ನು ಬಿಟ್ಟುಬಿಟ್ಟೆ. ಮನೆಯ ಸುತ್ತಲಿನ ಸಣ್ಣ ಸುತ್ತುಗಳಲ್ಲಿ ಲಾಂಗ್ ರನ್ ಮಾಡಿದಾಗ ಪ್ರತಿ ಸುತ್ತಿಗೂ ನಿಲ್ಲುವ ಆಸೆ ಹುಟ್ಟುತ್ತಿತ್ತು. ಒಂದೇ ದಿಕ್ಕಿಗೆ ಅರ್ಧ ದೂರ ಹೋಗಿಬಿಟ್ಟರೆ ಉಳಿದರ್ಧ ತಾನಾಗಿಯೇ ಆಗುತ್ತದೆ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಜೆಫ್ ಗ್ಯಾಲೋವೇ ಪ್ರಚಾರಕ್ಕೆ ತಂದ ಓಟ-ನಡಿಗೆ ಕ್ರಮವನ್ನು ಒಂಬತ್ತು ನಿಮಿಷದ ಓಟಕ್ಕೆ ಒಂದು ನಿಮಿಷದ ನಡಿಗೆಯ ಲೆಕ್ಕದಲ್ಲಿ ನಾಲ್ಕು ಲಾಂಗ್ ರನ್‌ಗಳಲ್ಲಿ ಪರೀಕ್ಷಿಸಿದೆ. ಮರುದಿನದ ಕಾಲುನೋವು ಸ್ಪಷ್ಟವಾಗಿ ಕಡಿಮೆಯಾಯಿತು, ಆದರೆ ನಡಿಗೆಯಿಂದ ಮತ್ತೆ ಓಟಕ್ಕೆ ಎಬ್ಬಿಸುವುದು ನನ್ನ ಮನಸ್ಸಿಗೆ ಪ್ರತಿ ಸಲವೂ ಹೊಸ ಜಗಳವಾಗುತ್ತಿತ್ತು. ಇದು ಇನ್ನೊಬ್ಬರಿಗೆ ಒಗ್ಗಬಹುದು.

ಸ್ಪರ್ಧೆಯ ದಿನ 33ನೆಯ ಕಿಲೋಮೀಟರಿನಲ್ಲಿ ತೊಡೆಗಳು ಕಲ್ಲಾದಾಗ ಅದೇ ಕರಾರನ್ನು ಹೊರತೆಗೆದೆ: ಹತ್ತು ನಿಮಿಷ ಓಡುವುದು, ಆ ಮೇಲೆ ನಿರ್ಧರಿಸುವುದು. ಆರೇಳು ಬಾರಿ ಕರಾರು ನವೀಕರಿಸುವಷ್ಟರಲ್ಲಿ ಮುಕ್ತಾಯದ ಗೆರೆ ದಾಟಿದ್ದೆ. ಪ್ರತಿ ನವೀಕರಣದ ಕ್ಷಣದಲ್ಲಿ ನಾನು ಮಾಡುತ್ತಿದ್ದ ಒಂದು ಸಣ್ಣ ಕೆಲಸವಿದೆ. ಇನ್ನೊಂದು ಮ್ಯಾರಥಾನ್‌ನಲ್ಲಿಯೂ ಅದು ಕೆಲಸ ಮಾಡುತ್ತದೆಯೇ ಎಂದು ನೋಡಿದ ಮೇಲೆಯೇ ಹೇಳುತ್ತೇನೆ.

ಈಗ ಮುಂದೆ ಯಾವ ಸ್ಪರ್ಧೆಯೂ ನಿಗದಿಯಾಗಿಲ್ಲ, ಮತ್ತು ಕ್ರಮದ ಕಷ್ಟವಾದ ಪರೀಕ್ಷೆ ಇಲ್ಲಿಯೇ ನಡೆಯುತ್ತಿದೆ. ಕಳೆದ ಇಪ್ಪತ್ತು ಓಟಗಳಲ್ಲಿ ನಾಲ್ಕು ಬಾರಿ ಹಿಂದಿರುಗಿದ್ದೇನೆ, ನಾಡಿ ಬಡಿತ ಮಾತ್ರ ಎಂದಿನಂತೆಯೇ ಇದೆ. ಹಾಗಾಗಿ ಇದು ದಣಿವಲ್ಲವೆಂದು ತೋರುತ್ತದೆ. ಈ ವಾರದಿಂದ ಹತ್ತು ನಿಮಿಷವನ್ನು ಹದಿನೈದಕ್ಕೆ ಏರಿಸಿ ನೋಡುತ್ತಿದ್ದೇನೆ. ಪುಟದಲ್ಲಿ ಇನ್ನೂ ಮೂರೇ ಸಾಲು ತುಂಬಿವೆ.