ಗೇಟಿನ ಹೊರಗೆ ಹನ್ನೊಂದು ದಿನ

ಕಾಸರಗೋಡಿನ ನಮ್ಮೂರ ಶಾಲೆಯ ಕನ್ನಡ ವಿಭಾಗಕ್ಕೆ ಗಣಿತ ಕಲಿಸಲು ಕನ್ನಡ ತಿಳಿಯದ ಟೀಚರು ಬಂದರು. ಆರನೇ ತರಗತಿಯ ನನ್ನ ಮಗಳ ನೋಟ್ ಪುಸ್ತಕ ತೆರೆದರೆ ಕರಿಹಲಗೆಯ ಅಂಕೆಗಳಷ್ಟೇ ಇದ್ದವು. ಲೆಕ್ಕವನ್ನು ಏಕೆ ಹಾಗೆ ಮಾಡಬೇಕೆಂದು ಹೇಳುವ ಒಂದು ವಾಕ್ಯವೂ ಇರಲಿಲ್ಲ.

ಧರಣಿ ಕೂರುವುದೆಂದು ತೀರ್ಮಾನಿಸಿದೆವು. ಮೊದಲ ದಿನವೇ ದೊಡ್ಡ ತಪ್ಪು ಮಾಡಿದೆವು. ಸಮವಸ್ತ್ರದ ಮಕ್ಕಳನ್ನು ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿ, ಟೀಚರ ಹೆಸರು ಬರೆದ ಫಲಕಗಳನ್ನು ಅವರ ಕೈಗೆ ಕೊಟ್ಟೆವು. ಬಸ್ಸಿಳಿದ ಟೀಚರು ಬ್ಯಾಗನ್ನು ಎದೆಗೆ ಅವಚಿಕೊಂಡು ಅಲ್ಲೇ ನಿಂತುಬಿಟ್ಟರು. ರಾತ್ರಿ ಮಗಳು ಕೇಳಿದಳು: "ಅಪ್ಪಾ, ಟೀಚರು ಅತ್ತರು. ನಾವು ಅಳಿಸಿದ್ದಲ್ಲವಾ?"

ನನಗೆ ನಿದ್ದೆ ಬರಲಿಲ್ಲ. ಆಕೆ ಪರೀಕ್ಷೆ ಬರೆದು, ಆದೇಶ ಹಿಡಿದು ಬಂದವರು. ಅನ್ಯಾಯ ಆ ಆದೇಶದಲ್ಲಿತ್ತು, ಆಕೆಯಲ್ಲಲ್ಲ. ಮರುದಿನ ಹೆಸರಿದ್ದ ಫಲಕಗಳನ್ನೆಲ್ಲ ಹರಿದೆ. ಕೆಲವರು ನನ್ನನ್ನು ಹೇಡಿ ಎಂದರು. 'ನಮ್ಮ ಮಕ್ಕಳಿಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು' ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿದೆವು. ಮಕ್ಕಳು ತರಗತಿಗೆ ಹೋದರು, ನಾವು ಹೊರಗೆ ಕುಳಿತೆವು. ನಮ್ಮ ಇಬ್ಬರು ತಾಯಂದಿರು ದಿನವೂ ಬಸ್‌ ನಿಲ್ದಾಣಕ್ಕೆ ಹೋಗಿ ಟೀಚರನ್ನು ಜೊತೆಯಲ್ಲೇ ಕರೆತಂದು ಒಳಗೆ ಬಿಟ್ಟರು.

ಹೆದ್ದಾರಿ ತಡೆಯೋಣ ಎಂಬ ಮಾತೂ ಬಂತು. ನಾನು ಒಪ್ಪಲಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಸಂಕಟವನ್ನು ಕಂಡ ನಾವೇ ದಾರಿ ಮುಚ್ಚುವುದೆಂದರೇನು?

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಗಾಯ ಹಿರಿಯರ ಎದೆಯಲ್ಲಿ ಇನ್ನೂ ಹಸಿಯಾಗಿಯೇ ಇದೆ. ಚಂದ್ರಗಿರಿ ನದಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕಾಗಿ ನೇಮಿಸಿದ್ದ ಮಹಾಜನ ಆಯೋಗ ಹೇಳಿದ್ದನ್ನು ಅವರು ಪ್ರತಿ ಸಂಜೆ ನೆನಪಿಸಿದರು. ನಾನು ಗೌರವದಿಂದಲೇ ಕೇಳಿದೆ. ಆದರೆ ಮನವಿಯಲ್ಲಿ ಬರೆದದ್ದು ಒಂದೇ ಬೇಡಿಕೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಅದರ ಕೆಳಗೆ ಉಲ್ಲೇಖಿಸಿದೆವು. ಗಡಿಯ ಪ್ರಶ್ನೆಯನ್ನೂ ಜೊತೆಗೆ ಸೇರಿಸಿದ್ದರೆ ನಮ್ಮ ಪರ ಮಾತಾಡುತ್ತಿದ್ದ ಮಲಯಾಳಿ ನೆರೆಹೊರೆಯವರನ್ನು ಕಳೆದುಕೊಳ್ಳುತ್ತಿದ್ದೆವು. ಅವರಲ್ಲಿ ಮೂವರು ಮನವಿಗೆ ಸಹಿ ಹಾಕಿದ್ದಾರೆ.

ಹನ್ನೊಂದನೆಯ ದಿನ ದಿನಗೂಲಿಯ ಮೇಲೆ ಕನ್ನಡ ಬಲ್ಲ ಅಧ್ಯಾಪಕರೊಬ್ಬರನ್ನು ಕೊಟ್ಟರು. ಟೀಚರಿಗೆ ಮಲಯಾಳ ವಿಭಾಗದಲ್ಲೇ ಕೆಲಸ ಸಿಕ್ಕಿತು. ಖಾಯಂ ಹುದ್ದೆಯ ಕಡತ ಇನ್ನೂ ಅಲುಗಾಡಿಲ್ಲ. ಸೋಮವಾರ ಮತ್ತೆ ಕಚೇರಿಗೆ ಹೋಗುತ್ತೇವೆ. ಮನವಿಯ ಮಲಯಾಳ ಪ್ರತಿಯನ್ನು ಈ ಸಲ ಆ ಟೀಚರೇ ತಿದ್ದಿಕೊಟ್ಟಿದ್ದಾರೆ.