ಬಾಲ್ಸಾ ಗ್ಲೈಡರ್: ಮೂತಿಗೆ ಭಾರ ಮೆತ್ತುವ ಮೊದಲು ರೆಕ್ಕೆ ನೋಡಿ

ಶಿರಸಿಯ ಮಳೆಗಾಲ ಕಳೆದ ಮೇಲೂ ಬಾಲ್ಸಾ ಎಂಬ ಹಗುರ ಮರದ ರೆಕ್ಕೆ ನೆಟ್ಟಗೆ ಉಳಿದಿದ್ದರೆ ಅದು ಅಪರೂಪ. ಕೈಯಿಂದ ಎಸೆಯುವ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ಪುಟ್ಟ ಮಾದರಿ ವಿಮಾನ, ಒಂದೇ ಬದಿಗೆ ಸುತ್ತಿ ಬಿದ್ದರೆ ಹೆಚ್ಚಿನವರು ಮೂತಿಗೆ ಕ್ಲೇ ಮೆತ್ತುತ್ತಾರೆ. ನಾನು ಮೊದಲು ಅದನ್ನು ಬಾಲದ ಕಡೆಯಿಂದ ಹಿಡಿದು ಒಂದು ಕಣ್ಣು ಮುಚ್ಚಿ, ರೆಕ್ಕೆ ತಿರುಚಿದೆಯೇ ಎಂದು ನೋಡುತ್ತೇನೆ.

ನನ್ನ ಅಳತೆ: ರೆಕ್ಕೆಗೆ 450 ಮಿ.ಮೀ. ಉದ್ದ, 75 ಅಗಲ, 5 ದಪ್ಪದ ಹಗುರ ಹಲಗೆ. ಮುಂದಂಚಿನಿಂದ ಮೂರನೇ ಒಂದರಷ್ಟು ಹಿಂದೆ ಪೂರ್ತಿ ದಪ್ಪ ಉಳಿಸಿ, ಹಿಂದಂಚು 1 ಮಿ.ಮೀ. ಆಗುವ ತನಕ ಉಜ್ಜುತ್ತೇನೆ, ಅಡಿ ಚಪ್ಪಟೆ. ನಡುವೆ ಕೊಯ್ದು, ಒಂದರ್ಧ ಮೇಜಿಗೆ ಒತ್ತಿದಾಗ ಇನ್ನೊಂದರ ತುದಿ 75–80 ಮಿ.ಮೀ. ಎದ್ದಿರುವಂತೆ ಅಂಟಿಸಬೇಕು. ಕೂಡುವ ಅಂಚುಗಳನ್ನು ಅದೇ ಕೋನಕ್ಕೆ ಉಜ್ಜದಿದ್ದರೆ ಎಸೆತದ ಜೋರಿಗೇ ಬಿರಿಯುತ್ತದೆ. ಒಡಲು ಗಟ್ಟಿ ಬಾಲ್ಸಾ, ಬಾಲ 1.5 ಮಿ.ಮೀ. ಹಾಳೆ. ಒಟ್ಟು 20–25 ಗ್ರಾಂ.

ಮರದ ರಂಧ್ರ ಮುಚ್ಚುವ ಸ್ಯಾಂಡಿಂಗ್ ಸೀಲರ್ ತೆಳುವಾಗಿ ಎರಡು ಕೋಟು, ಮೇಲೂ ಕೆಳಗೂ ಒಂದೇ ದಿನ. ಮೇಲೆ ಮಾತ್ರ ಬಳಿದರೆ ಒಣಗುವಾಗ ಆ ಬದಿ ಸೆಳೆದುಕೊಂಡು ರೆಕ್ಕೆ ಬಾಗುತ್ತದೆ.

ಎಡರೆಕ್ಕೆಯ ಹಿಂದಂಚು 2 ಮಿ.ಮೀ. ಕೆಳಗೆ ತಿರುಚಿದ್ದರೂ ಸಾಕು, ಆ ಬದಿ ಹೆಚ್ಚು ಎತ್ತಿ ಗ್ಲೈಡರ್ ಬಲಕ್ಕೆ ವಾಲುತ್ತದೆ. ಇದಕ್ಕೆ ಕ್ಲೇ ಮದ್ದಲ್ಲ. ಕುದಿಯುವ ಕೆಟಲಿನ ಮೂತಿಯ ಹಬೆಗೆ ಅರ್ಧ ನಿಮಿಷ ಹಿಡಿದು, ಬೇಕಾದ್ದಕ್ಕಿಂತ ತುಸು ಹೆಚ್ಚೇ ಎದುರು ದಿಕ್ಕಿಗೆ ತಿರುವಿ, ಆರುವ ತನಕ ಬಿಡಬೇಡಿ. ನಡುವಿನ ಬೆಸುಗೆಗೆ ಹಬೆ ತಾಗದಿರಲಿ, ಬಿಳಿ ಅಂಟು ಮೆತ್ತಗಾಗುತ್ತದೆ.

ಆಮೇಲೆ ಭಾರ. ರೆಕ್ಕೆಯ ಮುಂದಂಚಿನಿಂದ 30 ಮಿ.ಮೀ. ಹಿಂದೆ ಬೆರಳ ತುದಿಯಲ್ಲಿ ಸಮ ನಿಲ್ಲಬೇಕು. ಹೆಗಲೆತ್ತರದಿಂದ, ಮೂತಿ ಕೊಂಚ ಕೆಳಗೆ ಮಾಡಿ, ಗಾಳಿಗೆ ಎದುರಾಗಿ ಮೆಲ್ಲಗೆ ಬಿಡಿ. ಮೂತಿ ಎತ್ತಿ ಮುಗ್ಗರಿಸಿದರೆ ಅಕ್ಕಿಕಾಳಿನಷ್ಟು ಕ್ಲೇ ಸೇರಿಸಿ, ಧುಮುಕಿದರೆ ತೆಗೆಯಿರಿ. ಎಂಟ್ಹತ್ತು ಮೀಟರ್ ನೇರ ಜಾರಿದ ಮೇಲೆ ನಿಂತ ಬಾಲದ ಹಿಂದಂಚನ್ನು 1 ಮಿ.ಮೀ. ಎಡಕ್ಕೆ ಬಗ್ಗಿಸಿ. ಬಲಗೈಯವರು ಬಲಕ್ಕೆ ವಾಲಿಸಿ ಎಸೆದರೆ ಬಲಕ್ಕೇರಿ, ಮೇಲೆ ಹೊರಳಿ, ಎಡಕ್ಕೆ ಸುತ್ತುತ್ತಾ ಇಳಿಯುತ್ತದೆ. ಆ ಹೊರಳುವ ಕ್ಷಣವೇ ಇದರ ಚೆಂದ.

ಜಾಗಕ್ಕೆ ಕೊಯ್ಲಾದ ಗದ್ದೆಯೇ ಸೈ. ನಸುಕಿನಲ್ಲಿ ಗಾಳಿ ಇಲ್ಲದಿದ್ದರೂ ಇಬ್ಬನಿ ರೆಕ್ಕೆ ನೆನೆಸುತ್ತದೆ. ಹುಲ್ಲು ಆರಿದ ಮೇಲೆ, ಎಂಟರಿಂದ ಒಂಬತ್ತೂವರೆ ಒಳ್ಳೆ ಹೊತ್ತು. ಕುಮಟಾ, ಹೊನ್ನಾವರದ ಕಡಲ ದಂಡೆಯಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ನೀರಿನತ್ತ ಬೀಸುವುದರಿಂದ ನಾನು ಅಲ್ಲಿ ಆ ಹೊತ್ತಿಗೆ ಹಾರಿಸುವುದಿಲ್ಲ. ಇತ್ತ ಬಿಸಿಲೇರಿದರೆ ಗದ್ದೆಯಿಂದೇಳುವ ಬಿಸಿಗಾಳಿ ಗ್ಲೈಡರನ್ನು ತೋಟದ ಮೇಲೆ ಒಯ್ಯುತ್ತದೆ, ಅಡಿಕೆ ಮರದ ತುದಿಯಿಂದ ಇಳಿಸಲು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನೇ ಬರಬೇಕು.